ಧಾರವಾಡಿ ಎಮ್ಮೆ
(ಬಾನುಲಿ ಭಾಷಣ)

ಕುದುರೆಯ ಲಕ್ಷಣಗಳನ್ನು ಹೇಳಲು ನಮ್ಮಲ್ಲಿ ಶಾಸ್ತ್ರವೇ ಹುಟ್ಟಿತು. ಅಭಿನವಚಂದ್ರನು ಅಶ್ವವೈದ್ಯವನ್ನು ಕನ್ನಡದಲ್ಲಿಯೇ ಬರೆದ. ಆಕಳಿಗೆ ಪೂಜೆ ಸಂದಿತು. ಎಮ್ಮೆಯ ಪಾಲಿಗೆ ಬಂದದ್ದು ಗಾದೆ ಮಾತ್ರ: ‘ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ’.

ನಾನು ಬೆಳೆದದ್ದು ನವಲಗುಂದ ಸೀಮೆಯ ಎರೆಭೂಮಿಯಲ್ಲಿ, ಬೆಣ್ಣಿಹಳ್ಳದ ದಂಡೆಯಲ್ಲಿ. ಒಮ್ಮೆ ಊರ ದನಗಳ ಪಟ್ಟಿ ಬರೆದುಕೊಳ್ಳಲು ಬಂದವರೊಬ್ಬರು ನಮ್ಮ ಅಜ್ಜಿಯನ್ನು, ‘ಯಾವ ತಳಿ ಎಮ್ಮಿ, ಅವ್ವಾರ?’ ಎಂದು ಕೇಳಿದರು. ‘ಜವಾರಿ ಐತ್ರೀ. ನಮ್ಮವ್ವ ತವರಿಂದ ಕೊಟ್ಟಿದ್ಲು’ ಎಂದಳು ಅಜ್ಜಿ. ಬಂದವರು ‘ತಳಿ ಇಲ್ಲ’ ಎಂದು ಬರೆದುಕೊಂಡರು.

ಆ ಎಮ್ಮೆಯ ಮೈಗುರುತು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮಧ್ಯಮ ಗಾತ್ರ, ಕಪ್ಪು ಬಣ್ಣ, ನೆಟ್ಟಗಿನ ಮುಖ, ನಿಮಿರಿದ ಕಿವಿ. ಕೊಂಬುಗಳು ಅರ್ಧಚಂದ್ರಾಕಾರವಾಗಿ ಹಿಂದಕ್ಕೆ ಬಾಗಿ ಹೆಗಲನ್ನು ಮುಟ್ಟುತ್ತಿದ್ದವು. ಹರಿಯಾಣದ ಮುರ್ರಾ ಎಮ್ಮೆಯ ಕೊಂಬು ಗಿಡ್ಡಾಗಿ ಬಿಗಿಯಾಗಿ ಸುರುಳಿ ಸುತ್ತಿರುತ್ತದೆ. ಪಂಢರಪುರಿಯದು ಖಡ್ಗದಂತೆ ಹೆಗಲನ್ನು ದಾಟಿ ಹೋಗುತ್ತದೆ. ನಮ್ಮದು ಇವೆರಡೂ ಅಲ್ಲ. ಕೊಂಬು ನೋಡಿದರೆ ಸೀಮೆ ತಿಳಿಯುತ್ತದೆ.

ಗಾದೆಯ ಆ ಚರ್ಮಕ್ಕೂ ಒಂದು ಕಾರಣವಿದೆ. ಎಮ್ಮೆಗೆ ಬೆವರಿನ ಗ್ರಂಥಿಗಳು ಆಕಳಿಗಿಂತ ಬಹಳ ಕಡಿಮೆ. ಕಪ್ಪು ಮೈ ಬಿಸಿಲನ್ನು ಹೀರುತ್ತದೆ. ಆದುದರಿಂದಲೇ ಅದು ನೀರನ್ನೂ ಕೆಸರನ್ನೂ ಅರಸುತ್ತದೆ. ಮಳೆಯಲ್ಲಿ ಅದು ಅಲುಗದೆ ನಿಲ್ಲುವುದು ಜಡತನದಿಂದಲ್ಲ, ಸುಖದಿಂದ ಎಂದೇ ನನ್ನ ಭಾವನೆ.

‘ತಳಿ ಇಲ್ಲ’ ಎಂಬ ಮಾತು ಬರಿಯ ಅಕ್ಷರವಲ್ಲ. ತಳಿಯಿಲ್ಲದ್ದನ್ನು ಸುಧಾರಿಸಬೇಕೆಂಬುದು ಪಶುಸಂಗೋಪನೆಯ ನೀತಿ. ಸುಧಾರಣೆಯೆಂದರೆ ಮುರ್ರಾ, ಸುರ್ತಿ ಕೋಣಗಳ ವೀರ್ಯ. ಮುರ್ರಾ ಹೆಚ್ಚು ಹಾಲು ಕೊಡುತ್ತದೆ, ನಿಜ. ಮೇವನ್ನೂ ಹೆಚ್ಚು ಕೇಳುತ್ತದೆ. ಜೋಳದ ಕಣಿಕೆ, ಕಡಲೆಯ ಹೊಟ್ಟು ಇಷ್ಟರಲ್ಲಿಯೇ ಬಾಳ್ವೆ ಮಾಡಿ ಗಟ್ಟಿ ಹಾಲು ಕೊಡುವುದು ಜವಾರಿ ಎಮ್ಮೆ. ಧಾರವಾಡದ ಪೇಡೆಯ ಕೀರ್ತಿಯಲ್ಲಿ ಅದರ ಪಾಲೂ ಇದೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಎಮ್ಮೆಗಳನ್ನು ಅಳೆದು, ಹಾಲನ್ನು ತೂಗಿ, ಲಕ್ಷಣಗಳನ್ನು ದಾಖಲಿಸಿದರು. 2021ರಲ್ಲಿ ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ‘ಧಾರವಾಡಿ’ ಎಂಬ ಹೆಸರಿನಲ್ಲಿ ಅದನ್ನು ತಳಿಯೆಂದು ನೋಂದಾಯಿಸಿತು. ಅಜ್ಜಿಯ ಮಾತಿಗೆ ಕೊನೆಗೂ ಮುದ್ರೆ ಬಿತ್ತು.

ಆದರೆ ಹೆಸರೊಂದರಿಂದಲೇ ವಂಶ ಬೆಳೆಯದು. ನಮ್ಮೂರಿನಲ್ಲಿ ಹಿಂದೆ ದ್ಯಾಮವ್ವನ ಹೆಸರಿನಲ್ಲಿ ಬಿಟ್ಟ ಕೋಣವೊಂದು ಇರುತ್ತಿತ್ತು; ಊರ ಎಮ್ಮೆಗಳಿಗೆಲ್ಲ ಅದೇ ಗತಿ. ಮನೆಯ ಕೋಣಗರುವಿಗೆ ಮಾತ್ರ ಯಾರೂ ಹೊಟ್ಟೆ ತುಂಬ ಹಾಲು ಬಿಡುತ್ತಿರಲಿಲ್ಲ. ನಾವೂ ಬಿಡಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಎಮ್ಮೆಯನ್ನು ಅಣ್ಣಿಗೇರಿಯ ಕಡೆಯವರಿಗೆ ಮಾರಿದೆವು.

ತಳಿಗೆ ಹೆಸರು ಬಂದ ದಿನ ನಮ್ಮ ಕೊಟ್ಟಿಗೆಯಲ್ಲಿ ಬರಿಯ ಗೂಟವಿತ್ತು. ಯಾರ ಕೊಟ್ಟಿಗೆಯಲ್ಲಿ ಇನ್ನೂ ಆ ಅರ್ಧಚಂದ್ರದ ಕೊಂಬು ಅಲುಗುತ್ತಿದೆಯೋ, ಅವರು ಒಂದು ಒಳ್ಳೆಯ ಕೋಣಗರುವಿಗೂ ಹಾಲು ಬಿಡಲಿ.