ಮಣ್ಣು ಹೊತ್ತವರು ಮಣ್ಣು ಓದಬೇಕು
(ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಇವತ್ತು ಮಣ್ಣಿನ ಬಗ್ಗೆ ಮಾತಾಡೋಣ. ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಮಣ್ಣು ಹೊರೋದು ಸಾಕು ಅಂತಲೇ ಮನೆಯವರು ನಮ್ಮನ್ನು ಓದೋಕೆ ಕಳಿಸಿದ್ದು, ಮತ್ತೆ ಮಣ್ಣಿನ ಮಾತು ಯಾಕೆ ಅಂತ. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಹಿರಿಯರು ಕೆರೆಯ ಮಣ್ಣು ಹೊತ್ತರು, ಏರಿ ಕಟ್ಟಿದರು, ನೀರಗಂಟಿಗಳಾಗಿ ತೂಬು ಕಾದರು. ಅವ್ವಂದಿರು ಗೋಡೆಗೆ ಮಣ್ಣು ಮೆತ್ತಿದರು. ಆದರೆ ಮಣ್ಣು ಹೊರೋದು ಬೇರೆ, ಮಣ್ಣು ಓದೋದು ಬೇರೆ. ಹೊತ್ತವರಿಗೆ ಕೂಲಿ ಸಿಕ್ಕಿತು. ಓದಿದವರ ಮಾತು ಕಚೇರಿಯಲ್ಲಿ ನಡೆಯಿತು. ಆ ಎರಡನೆಯದು ನಮಗೂ ಬೇಕು.

ಮಣ್ಣಿನ ವಿಜ್ಞಾನಿಯ ಕೆಲಸ ಏನು? ರಷ್ಯಾದ ದೊಕುಚಾಯೆವ್ ಎಂಬಾತ 1883ರಲ್ಲಿ ಅಲ್ಲಿಯ ಕರಿಮಣ್ಣಿನ ಮೇಲೆ ಪುಸ್ತಕ ಬರೆದ. ಮಣ್ಣು ಅಂದರೆ ಬರೀ ಪುಡಿಯಾದ ಕಲ್ಲಲ್ಲ. ಕಲ್ಲು, ಮಳೆಬಿಸಿಲು, ಜೀವಜಂತು, ನೆಲದ ಇಳಿಜಾರು, ಕಾಲ, ಇಷ್ಟೂ ಸೇರಿ ಅದು ಹುಟ್ಟುತ್ತದೆ ಎಂದು ತೋರಿಸಿದ. ನಮ್ಮ ಮೈಸೂರು ಸೀಮೆಯಲ್ಲಿ ಈ ಕೆಲಸ 1899ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಶುರುವಾಯಿತು. ರೀಜೆಂಟ್ ಮಹಾರಾಣಿ ಕೊಟ್ಟ 30 ಎಕರೆಯಲ್ಲಿ ಡಾ. ಲೇಮನ್ ಎಂಬ ವಿಜ್ಞಾನಿ ಯಾವ ಮಣ್ಣಿಗೆ ಯಾವ ಬೆಳೆ ಹೇಗೆ ಒಗ್ಗುತ್ತದೆ ಎಂದು ಪರೀಕ್ಷೆಗೆ ತೊಡಗಿದರು. ಅದೇ ಬೇರಿನಿಂದ 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಎದ್ದಿತು.

ವಿಜ್ಞಾನಿ ಮೊದಲು ಗುಂಡಿ ತೋಡಿಸಿ ಒಳಗೆ ಇಳಿಯುತ್ತಾನೆ. ಪದರ ಎಣಿಸುತ್ತಾನೆ, ಬಣ್ಣ ನೋಡುತ್ತಾನೆ. ಹಿಡಿ ಮಣ್ಣು ಒದ್ದೆ ಮಾಡಿ ಬೆರಳ ನಡುವೆ ಒತ್ತಿ ಎಳೆ ತೆಗೆಯುತ್ತಾನೆ. ಎಳೆ ಉದ್ದ ಬಂದರೆ ಜೇಡಿ ಹೆಚ್ಚು, ಮುರಿದು ಬಿದ್ದರೆ ಮರಳು ಹೆಚ್ಚು. ಗೋಡೆಗೆ ಮಣ್ಣು ಆರಿಸುವಾಗ ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ? ಅಜ್ಜಿಯ ಬೆರಳಿಗೆ ಗೊತ್ತಿದ್ದದ್ದು ಕಾಗದದ ಮೇಲೆ ಬರಲಿಲ್ಲ, ಅಷ್ಟೇ.

ಈಗ ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯಾವುದೇ ಊರಲ್ಲಿ ದಿನ್ನೆಯಿಂದ ಕೆರೆ ಕಡೆಗೆ ಇಳಿದು ಬನ್ನಿ. ಮೇಲೆ ಗರಸು, ಗುದ್ದಲಿ ಹಾಕಿದರೆ ಬೇಗನೆ ಕಲ್ಲು ತಗಲುತ್ತದೆ. ನಡುವೆ ಕೆಮ್ಮಣ್ಣು, ರಾಗಿ, ಅವರೆಗೆ ಆಗುತ್ತದೆ. ಕೆರೆಯ ಕೆಳಗೆ ಆಳವಾದ, ನೀರು ಹಿಡಿಯುವ ಬಯಲು. ವಿಜ್ಞಾನಿಗಳು ನೆಲವನ್ನು ಎಂಟು ದರ್ಜೆ ಮಾಡಿದ್ದಾರೆ. ಮೊದಲ ನಾಲ್ಕು ಉಳುಮೆಗೆ. ಉಳಿದ ನಾಲ್ಕು ಹುಲ್ಲಿಗೆ, ಮರಕ್ಕೆ, ಕಾಡಿಗೆ. ಈಗ ಊರ ನಕ್ಷೆ ತೆಗೆದು ಕೇಳಿ: ಯಾವ ದರ್ಜೆಯ ನೆಲ ಯಾರ ಹೆಸರಲ್ಲಿದೆ? ದರಖಾಸ್ತಿನಲ್ಲಿ ನಮ್ಮವರಿಗೆ ಮಂಜೂರಾದದ್ದು ಎಷ್ಟೋ ಊರುಗಳಲ್ಲಿ ದಿನ್ನೆ, ಗೋಮಾಳದ ಅಂಚು. ಹುಲ್ಲಿಗೆ ಸರಿ ಅನ್ನುವ ನೆಲದಲ್ಲಿ ರಾಗಿ ಬೆಳೆ ಅಂತ ಕೊಟ್ಟು, ಬೆಳೆ ಬಾರದಿದ್ದಾಗ ಸೋಮಾರಿಗಳು ಅಂತ ಬೈದರು. ಮಣ್ಣಿನ ವಿಜ್ಞಾನ ಓದಿದವರು ಈ ಬೈಗುಳಕ್ಕೆ ಗುಂಡಿ ತೋಡಿ ಉತ್ತರ ಕೊಡಬಲ್ಲರು.

ಇನ್ನೊಂದು ಸಂಗತಿ. ಬಿರುಸು ಮಳೆಯಲ್ಲಿ ಮೊದಲು ಕೊಚ್ಚಿಹೋಗುವುದು ನುಣುಪು ಮಣ್ಣು, ಅದರ ಜೊತೆ ಗೊಬ್ಬರದ ಸಾರ. ದಿನ್ನೆಯಲ್ಲಿ ಗರಸು ಉಳಿಯುತ್ತದೆ, ಸಾರ ಕೆರೆ ಸೇರಿ ಗೋಡಾಗುತ್ತದೆ. ಅಂದರೆ ಕೆರೆಯ ಗೋಡಿನಲ್ಲಿ ನಮ್ಮ ದಿನ್ನೆಯ ಚರ್ಮವೂ ಇದೆ! ಕೆರೆ ಹೂಳು ತೆಗೆದಾಗ ಅದು ಎಲ್ಲಿಗೆ ಹೋಗುತ್ತದೆ? ಟ್ರ್ಯಾಕ್ಟರ್ ಇದ್ದವರ ತೋಟಕ್ಕೆ. ಮಾಲೂರು ಕಡೆ ಇಟ್ಟಿಗೆ ಗೂಡಿಗೂ ಮಣ್ಣು ಬೇಕು. ಗೂಡಿನಲ್ಲಿ ಒಮ್ಮೆ ಸುಟ್ಟ ಮಣ್ಣು ಮತ್ತೆ ಹೊಲವಾಗೋದಿಲ್ಲ. ಒಂದು ಅಂಗುಲ ಮಣ್ಣು ಹುಟ್ಟೋಕೆ ನೂರಾರು ವರ್ಷ ಬೇಕು. 1978ರ ಕಾಯ್ದೆ ಮಂಜೂರಾದ ಜಮೀನು ಪರಭಾರೆಯಾಗದಂತೆ ತಡೆಯಲು ಬಂತು. 2023ರ ತಿದ್ದುಪಡಿಯಲ್ಲಿ, ಕಳಕೊಂಡ ಜಮೀನು ಕೇಳಲು ಕಾಲಮಿತಿ ಇಲ್ಲ ಎಂದಾಯಿತು. ಎಕರೆ ಉಳಿಯಬಹುದು. ಎಕರೆಯ ಮೇಲಿನ ಮಣ್ಣು ಹರಿದುಹೋದರೆ ಪಹಣಿಯಲ್ಲಿ ಬರೀ ಹೆಸರು ಉಳಿಯುತ್ತದೆ. ಅದಕ್ಕೇ ನಾವು ಕೇಳಬೇಕಾದ್ದು ಇದು: ಕೆರೆಯ ಗೋಡು ಮೊದಲು ದಿನ್ನೆಗೆ ಹಿಂದಿರುಗಲಿ.

ಹಾಗಂತ ಕಣ್ಣು ಮುಚ್ಚಿ ಹೊರುವುದೂ ಬೇಡ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಅಂಥ ಕೆರೆಯ ಗೋಡನ್ನು ಹೊಲಕ್ಕೆ ಹಾಕುವ ಮುಂಚೆ ಸೀಸ, ಕ್ಯಾಡ್ಮಿಯಂನಂಥ ಲೋಹ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸಿ ಅಂತಲೂ ಕೇಳಬೇಕು. ಹೆದರಿಕೆಯಿಂದಲ್ಲ, ತಿಳಿವಳಿಕೆಯಿಂದ.

ಕೇಂದ್ರ ಸರ್ಕಾರ 2015ರ ಫೆಬ್ರವರಿಯಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆ ಶುರು ಮಾಡಿತು. ಸಾರಜನಕ, ರಂಜಕ, ಪೊಟ್ಯಾಷ್‌ನಿಂದ ಹಿಡಿದು ಸತು, ಬೋರಾನ್‌ವರೆಗೆ 12 ಅಂಶದ ಪರೀಕ್ಷೆ. ಒಳ್ಳೆಯದೇ. ಆದರೆ ಮೊದಲ ಸುತ್ತುಗಳಲ್ಲಿ ಮಳೆ ನಂಬಿದ ಜಮೀನಿಗೆ 10 ಹೆಕ್ಟೇರಿಗೆ ಒಂದು ಮಾದರಿ ಎಂಬ ಲೆಕ್ಕ. ಅಂದರೆ ಸುಮಾರು 25 ಎಕರೆ. ಆ ಚೌಕದೊಳಗೆ ಗೌಡರ ಹೊಲವೂ ಇರಬಹುದು, ನಮ್ಮ ಒಂದೂವರೆ ಎಕರೆ ಗರಸೂ ಇರಬಹುದು. ಮಣ್ಣು ತೆಗೆದದ್ದು ಅವರ ಹೊಲದಲ್ಲಾದರೆ, ಚೀಟಿಯ ಮೇಲೆ ನಮ್ಮ ಹೆಸರಿದ್ದರೂ ಮಣ್ಣು ನಮ್ಮದಲ್ಲ.

ಆದ್ದರಿಂದ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಹೊಲದ ಹತ್ತು ಹನ್ನೆರಡು ಕಡೆ, ಬದು, ತಿಪ್ಪೆ, ಮರದ ನೆರಳು ಬಿಟ್ಟು, 15 ಸೆಂಟಿಮೀಟರ್ ಆಳಕ್ಕೆ ಓರೆಯಾಗಿ ಅಗೆದು ಮಣ್ಣು ತೆಗೆಯಿರಿ. ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಇಟ್ಟುಕೊಳ್ಳಿ. ಅರ್ಧ ಕೆ.ಜಿ. ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ, ಬಟ್ಟೆಚೀಲದಲ್ಲಿ ಹೆಸರು, ಸರ್ವೆ ನಂಬರು ಬರೆದು ರೈತ ಸಂಪರ್ಕ ಕೇಂದ್ರಕ್ಕೋ, ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ಪರೀಕ್ಷೆಗೆ ಕೇಳಿ. ಬಂದ ಚೀಟಿಯನ್ನು ಅಪ್ಪ ಅವ್ವನಿಗೆ ಓದಿ ಹೇಳಿ. ಯೂರಿಯಾ ಎಷ್ಟು ಬೇಡ ಅನ್ನೋದು ಗೊತ್ತಾದರೂ ಸಾಲ ಅಷ್ಟು ಕಮ್ಮಿಯಾಗುತ್ತದೆ.

ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿಗಳ ಬಗ್ಗೆ ಲೇಖನ ಬರೆದರು. ಹಿಡುವಳಿ ಸಣ್ಣದೋ ದೊಡ್ಡದೋ ಅನ್ನುವುದನ್ನು ಬರೀ ವಿಸ್ತೀರ್ಣದಿಂದ ಅಳೆಯಬಾರದು, ಅದಕ್ಕೆ ಹಾಕಲು ಬಂಡವಾಳ, ಸಲಕರಣೆ ಎಷ್ಟಿದೆ ನೋಡಬೇಕು ಎಂಬುದು ಅವರ ವಾದ. ನಾವು ಅದಕ್ಕೆ ಒಂದು ಮಾತು ಸೇರಿಸುತ್ತೇವೆ: ಮಣ್ಣು ಎಂಥದ್ದು ಅಂತಲೂ ನೋಡಬೇಕು.

ನಾವು ಬಿ.ಎ. ಓದಿ ಪದ್ಯ ಬರೆಯುವವರು. ಪದ್ಯದಿಂದ ಗರಸು ಕರಗೋದಿಲ್ಲ. ನಿಮ್ಮಲ್ಲಿ ವಿಜ್ಞಾನ ಓದುತ್ತಿರುವವರು ಹೆಬ್ಬಾಳಕ್ಕೆ ಹೋಗಿ, ಮಣ್ಣಿನ ಶಾಸ್ತ್ರ ಹಿಡಿಯಿರಿ. ನಾಳೆ ನಮ್ಮ ಊರ ದಿನ್ನೆಯಲ್ಲಿ ಗುಂಡಿ ತೋಡಿಸಿದಾಗ, ಅದರೊಳಗೆ ಇಳಿದು ಪದರ ಎಣಿಸಿ ವರದಿ ಬರೆಯುವವರು ನಮ್ಮ ಕೇರಿಯ ಮಕ್ಕಳಾಗಿರಲಿ.