ಸಂಡಾಸ ಆಗ್ಯದ ಖರೆ, ಎಲ್ಲಿಂದ ಆಗ್ಯದ?

ಕೂಸು ಹುಟ್ಟಿದ ಮನ್ಯಾಗ ಬಂದವರೆಲ್ಲಾ ಕೇಳೋ ಮಾತು ಎರಡು: ಹಾಲು ಕುಡೀತೇನು? ಸಂಡಾಸ ಆಯ್ತೇನು? ಇವತ್ತು ಇನ್ನೊಂದು ಮಾತು ಕೂಡಿಸೋಣ. ಸಂಡಾಸ ಎಲ್ಲಿಂದ ಆಯ್ತು?

ನಗಬ್ಯಾಡ್ರಿ. ಸುಮಾರು 5,000 ಕೂಸುಗಳಾಗ ಒಂದಕ್ಕ ಗುದದ್ವಾರ ಸರಿಯಾಗಿ ಬೆಳೆದಿರೂದಿಲ್ಲ. ಬಸುರಿನ ಮೊದಲ ತಿಂಗಳುಗಳಾಗ ಕರುಳಿನ ದಾರಿ, ಮೂತ್ರದ ದಾರಿ ಬ್ಯಾರೆ ಬ್ಯಾರೆ ಆಗಬೇಕು. ಅದು ಅರ್ಧಕ್ಕ ನಿಂತ್ರ ಹಿಂಗಾಗ್ತದ. ಗ್ರಹಣ ನೋಡಿದ್ದಕ್ಕಲ್ಲ, ತಾಯಿ ತಪ್ಪಂತೂ ಅಲ್ಲವೇ ಅಲ್ಲ.

ತೂತೇ ಇರದಿದ್ರ ಒಂದೆರಡು ದಿನದಾಗ ಹೊಟ್ಟಿ ಉಬ್ಬಿ, ಹಸಿರು ವಾಂತಿಯಾಗಿ ಗೊತ್ತಾಗ್ತದ. ಕಣ್ಣು ತಪ್ಪಿಸೋದು ತಪ್ಪು ಜಾಗದಾಗಿರೋ ತೂತು. ಹೆಣ್ಣುಕೂಸಿನಾಗ ಹೆಚ್ಚಾಗಿ ಅದು ಯೋನಿ ಬಾಯಿಯ ಹತ್ರಾನೇ ಇರ್ತದ, ಭಾಳ ಸಣ್ಣದು. ಎದಿಹಾಲು ಕುಡಿಯೋ ಕೂಸಿನ ಮಲ ತೆಳ್ಳಗಿರ್ತದ, ಹೆಂಗೋ ಇಳೀತದ. ಬಟ್ಟಿ ಹೊಲಸಾತು, ಎಲ್ಲರಿಗೂ ಸಮಾಧಾನ. ಆರು ತಿಂಗಳಾಗಿ ಗಂಜಿ, ಅನ್ನ, ರೊಟ್ಟಿ ಶುರುವಾತಂದ್ರ ಮಲ ಗಟ್ಟಿಯಾಗ್ತದ. ಕೂಸು ಮುಕ್ಕರಿಸಿ ಅಳ್ತದ, ಹೊಟ್ಟಿ ಬಿಗೀತದ. ಮನ್ಯಾಗ ಹರಳೆಣ್ಣಿ, ಅಂಗಡಿಯಿಂದ ಜುಲಾಬಿನ ಔಷಧ. ವರ್ಷಗಟ್ಲೆ ಹಿಂಗೇ ನಡೆದ್ರ ಕರುಳು ಹಿಗ್ಗಿ, ಮಲ ನೂಕೋ ಬಲಾನೇ ಕಳಕೋತದ. ತಡಾ ಮಾಡಿದ್ದರ ಖರೆ ನಷ್ಟ ಇದು.

ಹಂಗಾರ ನೋಡೋದು ಹೆಂಗ? ಕಾಲು ಅಗಲಿಸಿ, ಬೆಳಕಿನಾಗ ನೋಡ್ರಿ. ಹೆಣ್ಣುಕೂಸಿಗೆ ಮೂರು ದಾರಿ ಕಾಣಬೇಕು: ಮೂತ್ರದ್ದು, ಯೋನಿದು, ಗುದದ್ದು. ಗಂಡುಕೂಸಿನ ಮೂತ್ರದಾಗ ಮಲ ಬೆರೆತು ಬಂದ್ರ ಅವತ್ತೇ ಡಾಕ್ಟರ್ ಹತ್ರ ಹೋಗ್ರಿ. ಕಲಬುರಗಿ ಜಿಲ್ಲಾದ ಹವಳಗಾದಾಗ ಇರ್ರಿ, ಜೇವರ್ಗಿ ಕಡೆ ಇರ್ರಿ, ಹೆರಿಗಿ ಮುಗಿಸಿ ಮನಿಗೆ ಬಂದ ಮ್ಯಾಗ ಆಶಾ ಕಾರ್ಯಕರ್ತೆಯರು 3, 7, 14, 21, 28, 42ನೇ ದಿನ ಬರಬೇಕು ಅಂತ ಸರ್ಕಾರದ ನಿಯಮ ಅದ. "ಅಕ್ಕಾ, ತೂಕ ಮಾಡಿದ್ರಿ, ಇದೊಂದು ನೋಡ್ರಿ" ಅಂತ ಕೇಳ್ರಿ. ಕೇಳಾಕ ನಾಚಿಕೆ ಬ್ಯಾಡ.

ಈಗ ಆಪರೇಶನ್. 1980ರಾಗ ಮೆಕ್ಸಿಕೊದ ಸರ್ಜನ್ ಆಲ್ಬರ್ಟೊ ಪೆನ್ಯಾ ಹೊಸ ದಾರಿ ತೋರಿಸಿದ್ರು. ಕೂಸನ್ನ ಬೋರಲು ಮಲಗಿಸಿ, ಹಿಂದಿನಿಂದ ಸರಿಯಾಗಿ ನಡುಗೆರಿ ಮ್ಯಾಗ ಕೊಯ್ಯೋದು. ಸಣ್ಣ ವಿದ್ಯುತ್ ಸ್ಪರ್ಶ ಕೊಟ್ರ ಮಲ ಹಿಡಿಯೋ ಸ್ನಾಯು ಎಲ್ಲಿ ಕುಗ್ತದ ಅಂತ ಕಣ್ಣಿಗೇ ಕಾಣ್ತದ. ಕರುಳನ್ನ ಅದರ ನಡುವ ತಂದು ಕೂಡಿಸ್ತಾರ. ಅದಕ್ಕೂ ಮೊದಲು ಹೃದಯ, ಮೂತ್ರಪಿಂಡ, ಬೆನ್ನುಮೂಳಿ ಪರೀಕ್ಷೆ ಆಗಬೇಕು, ಯಾಕಂದ್ರ ಈ ತೊಂದರಿ ಜೋಡಿ ಅವುಗಳ ತೊಂದರಿನೂ ಇರಬಹುದು. ಎಷ್ಟೋ ಮಕ್ಕಳಿಗೆ ಮೊದಲು ಹೊಟ್ಟಿ ಮ್ಯಾಗ ಮಲದ ದಾರಿ ಮಾಡಿ ಚೀಲ ಹಾಕ್ತಾರ. ಗಾಯ ಮಾದು, ಹೊಸ ದಾರಿ ಸಾಕಷ್ಟು ಅಗಲಾದ ಮ್ಯಾಗ ಅದನ್ನ ಮುಚ್ತಾರ. ನಾಕು ವರ್ಷ, ಹತ್ತು ವರ್ಷ ಆಗ್ಯದ ಅಂತ ಕೈಬಿಡಬ್ಯಾಡ್ರಿ. ಆಗಲೂ ಮಾಡ್ತಾರ, ಮಲಬದ್ಧತೆಗೆ ಮಾತ್ರ ಹೆಚ್ಚು ದಿನ ಔಷಧ, ಎನಿಮಾ ಬೇಕಾಗಬಹುದು.

ಸೋಲು ಹೆಚ್ಚಾಗಿ ಆಮ್ಯಾಗ ಆಗ್ತದ. ಆಪರೇಶನ್ ಆಗಿ ಸುಮಾರು ಎರಡು ವಾರಕ್ಕ ಹೊಸ ದಾರಿನ್ನ ದಿನಾ ಅದಕ್ಕಂತನೇ ಇರೋ ಕಡ್ಡಿ ಹಾಕಿ ಅಗಲ ಮಾಡೋದು ಶುರು. ಡಾಕ್ಟರ್ ಹೇಳಿದಂಗ ದೊಡ್ಡ ಕಡ್ಡಿಗೆ ಹೋಗ್ತಾ, ತಿಂಗಳಗಟ್ಲೆ. ಕೂಸು ಅಳ್ತದ ಅಂತಲೋ, ದುಡಿಯಾಕ ಮುಂಬೈ, ಪುಣೆಗೆ ಹೋಗಬೇಕಂತಲೋ ಬಿಟ್ರ ದಾರಿ ಮತ್ತ ಇಕ್ಕಟ್ಟಾಗ್ತದ, ಮತ್ತ ಆಪರೇಶನ್. ಹೊರಡೋದಿದ್ರ ಡಾಕ್ಟರಿಗೆ ಮೊದಲೇ ಹೇಳ್ರಿ.

ಈ ಆಪರೇಶನ್ನಿಗೆ ಮಕ್ಕಳ ಸರ್ಜನ್ನೇ ಬೇಕು. ತಾಲ್ಲೂಕು ಆಸ್ಪತ್ರಿಯಿಂದ ಚೀಟಿ ಬರಸ್ಕೊಂಡು ಕಲಬುರಗಿಗೆ ಹೋಗಿ ವಿಚಾರಿಸ್ರಿ. ಬೆಂಗಳೂರಾಗ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅದ. ಬಿಪಿಎಲ್ ಕಾರ್ಡಿದ್ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಾಗ ಒಂದು ಮನಿಗೆ ವರ್ಷಕ್ಕ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗ್ತದ.

ಆಪರೇಶನ್ ಕಾಗದ ಜೋಪಾನ ಇಡ್ರಿ. ಹೆಣ್ಣುಕೂಸಾಗಿದ್ರ, ಮುಂದ ಆಕಿ ದೊಡ್ಡಾಕಿ ಆಗಿ ಬಸುರಾದಾಗ, ಹೆರಿಗಿ ಹೆಂಗ ಮಾಡಿಸಬೇಕು ಅಂತ ಡಾಕ್ಟರ್ ಮೊದಲು ಕೇಳೋದು ಅದನ್ನೇ.