ಕೆಂಗಲ್ ಹನುಮಂತಯ್ಯನವರೂ ತೆರಿಗೆಯ ಆಡಳಿತವೂ



ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಭಂಡಾರದ ಧನವು ಜಂಗಮರ ಪಾಲಾಯಿತೆಂದು ಕೊಂಡೆಯರು ದೂರಿತ್ತರೆಂದೂ, ಎಣಿಸಿ ನೋಡಲಾಗಿ ಲೆಕ್ಕವು ಸರಿಯಾಗಿದ್ದಿತೆಂದೂ ಪುರಾಣಗಳು ಹೇಳುತ್ತವೆ. ಪ್ರಜೆಗಳ ಹಣಕ್ಕೆ ಲೆಕ್ಕವೊಪ್ಪಿಸುವ ಈ ಪ್ರಸಂಗವನ್ನು ನೆನೆದಾಗ, ಈ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರ ಚರಿತ್ರೆಯು ಮನಸ್ಸಿಗೆ ಬರುವುದು ಸಹಜ.

ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಅವರ ಜನನವಾಯಿತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಅವತರಿಸಿದುದು ಅದರ ಹಿಂದಿನ ವರ್ಷ. ಆ ಕಾಲದಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೈತನಿಗೆ ಸರಕಾರವೆಂದರೆ ಕಂದಾಯಕ್ಕಾಗಿ ಬಾಗಿಲಿಗೆ ಬರುವ ಪಟೇಲ ಶ್ಯಾನುಭೋಗರೇ. ಹೊಸ ತೆರಿಗೆಯ ವಿಷಯದಲ್ಲಿ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮವು ಮೈಸೂರಿಗೆ ಬಂದುದು 1923ರ ಸುಧಾರಣೆಯಿಂದ. ವಕೀಲರಾದ ಹನುಮಂತಯ್ಯನವರು ಆ ಸಭೆಯನ್ನು ಪ್ರವೇಶಿಸಿ, ಸಂವಿಧಾನ ಸಭೆಯಲ್ಲಿಯೂ ಕುಳಿತು, 1952ರಲ್ಲಿ ಮುಖ್ಯಮಂತ್ರಿಗಳಾದರು. ವಿಧಾನಸೌಧವನ್ನು ಕಟ್ಟಿಸಿದರು, ಅದರ ವೆಚ್ಚದ ಬಗೆಗೆ ವಿಚಾರಣೆಯನ್ನೂ ಎದುರಿಸಿದರು. ಕರ್ನಾಟಕದ ಏಕೀಕರಣಕ್ಕೆ ದುಡಿದವರು, ಅದು ಕೈಗೂಡುವ ಕೆಲವೇ ತಿಂಗಳ ಮುನ್ನ, 1956ರ ಆಗಸ್ಟಿನಲ್ಲಿ, ಅಧಿಕಾರವನ್ನು ಬಿಡಬೇಕಾಯಿತು. ವಿಧಿಯ ಆಟವೆನ್ನದೆ ಬೇರೆ ಏನೆನ್ನುವುದು!

1962ರಲ್ಲಿ ಲೋಕಸಭೆಗೆ ಹೋದರು. ಕೇಂದ್ರದ ಆಡಳಿತ ಸುಧಾರಣಾ ಆಯೋಗವು 1966ರಲ್ಲಿ ರಚಿತವಾದಾಗ ಅದರ ಸದಸ್ಯರಾಗಿ, ಮೊರಾರ್ಜಿ ದೇಸಾಯಿಯವರು 1967ರಲ್ಲಿ ಮಂತ್ರಿಮಂಡಲವನ್ನು ಸೇರಿದ ಬಳಿಕ ಅಧ್ಯಕ್ಷರಾದರು. ಆ ಆಯೋಗವು ಸಲ್ಲಿಸಿದ 20 ವರದಿಗಳಲ್ಲಿ, 1969ರ ಒಂದು ಕೇಂದ್ರದ ಪ್ರತ್ಯಕ್ಷ ತೆರಿಗೆಗಳ ಆಡಳಿತವನ್ನು ಕುರಿತದ್ದು. ಅವರೇನೂ ತೆರಿಗೆಯ ಅಧಿಕಾರಿಗಳಾಗಲಿಲ್ಲ. ಆ ಅಧಿಕಾರಿಗಳ ಕಾರ್ಯವನ್ನು ಪರಿಶೀಲಿಸುವ ಹೊಣೆ ಅವರದಾಯಿತು. ಹಳೆಯ ಕಂದಾಯ ಮಂಡಳಿಯನ್ನು ಒಡೆದು ಪ್ರತ್ಯಕ್ಷ ತೆರಿಗೆಗೆ ಪ್ರತ್ಯೇಕ ಮಂಡಳಿಯನ್ನು ಮಾಡಿದುದು 1964ರಲ್ಲಿ. ವರದಿಯ ಕಾಲಕ್ಕೆ ಅದಿನ್ನೂ ಎಳೆಯ ಸಂಸ್ಥೆ.

ಸಭೆಯಲ್ಲಿ ಕೈಯೆತ್ತಿ ತೆರಿಗೆಯನ್ನು ಒಪ್ಪುವುದು ಒಂದು ಘಳಿಗೆಯ ಕೆಲಸ. ವಿಧಿಸಿದ ತೆರಿಗೆ ಬೇರೆ, ಭಂಡಾರಕ್ಕೆ ಬಂದು ಬೀಳುವ ತೆರಿಗೆ ಬೇರೆ. ಸಂಬಳಗಾರನ ಪಾಲು ಅವನ ಕೈಸೇರುವ ಮೊದಲೇ ಕಡಿತವಾಗುತ್ತದೆ. ಎರಡು ಲೆಕ್ಕಪುಸ್ತಕಗಳನ್ನಿಟ್ಟ ವರ್ತಕನ ಬಾಕಿಯಾದರೋ ಮೇಲ್ಮನವಿಗಳಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಆ ಕೊರತೆಯ ಭಾರವು ಕಡೆಗೆ ಪ್ರಾಮಾಣಿಕನ ಹೆಗಲಿಗೇ ಬರುವುದು. ಇದನ್ನು ವಿಚಾರಿಸಲು ಕುಳಿತವರು, ತಾವು ವೆಚ್ಚಮಾಡಿದ ಹಣಕ್ಕೆ ಒಮ್ಮೆ ಲೆಕ್ಕ ಹೇಳಿದವರೇ ಎಂಬುದು ಗಮನಾರ್ಹವು.

ಮುಂದೆ ರೈಲ್ವೆ ಸಚಿವರೂ ಆಗಿ, 1980ರ ಡಿಸೆಂಬರಿನಲ್ಲಿ ಅವರು ಕಾಲವಶರಾದರು. ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಅವರ ಹೆಸರಿಗೆ ಮೂಲವಾದ ಕೆಂಗಲ್ ಆಂಜನೇಯನ ಗುಡಿಯಿದೆ.